ಪರಿಸರ ಸುಸ್ಥಿರತೆ ಮತ್ತು ಗ್ರಾಮಾಭಿವೃದ್ಧಿಯಲ್ಲಿ ಮಹಿಳಾ ನಾಯಕತ್ವ

ಕಾಡು, ನೀರು, ಮೇವು, ಬೀಜ, ಕಸ ಇವುಗಳ ಬಳಕೆಯನ್ನೂ ಹಂಚಿಕೆಯನ್ನೂ ಊರಿನ ಮಟ್ಟದಲ್ಲಿ ನಿರ್ಧರಿಸುವ ಕೆಲಸಕ್ಕೆ ಹೆಂಗಸರು ಮುಂದಾಳುಗಳಾಗಿ ನಿಂತ ಚಳವಳಿಗಳು, ಸಂಘಗಳು, ಸಮಿತಿಗಳು ಈ ಲೇಖನದ ವಿಷಯ. ಹಳ್ಳಿಯ ಹೆಂಗಸು ನೆಲ ಜಲಗಳನ್ನು ನಿಭಾಯಿಸುತ್ತ ಬಂದಿರುವುದು ಬೇಸಾಯದಷ್ಟೇ ಹಳೆಯ ಸಂಗತಿ. ಅದು ವಿದ್ವಾಂಸರ ಕಣ್ಣಿಗೆ, ಸರ್ಕಾರದ ಕಡತಕ್ಕೆ ಬಿದ್ದದ್ದು ಮಾತ್ರ ತೀರ ಈಚೆಗೆ. 1970ರಲ್ಲಿ ಡೆನ್ಮಾರ್ಕಿನ ಅರ್ಥಶಾಸ್ತ್ರಜ್ಞೆ ಎಸ್ಟರ್ ಬೋಸೆರಪ್ ಬರೆದ ಪುಸ್ತಕವೊಂದು, ಆಫ್ರಿಕದ ಬಹುಭಾಗದಲ್ಲಿ ಹೊಲದ ದುಡಿಮೆ ಹೆಂಗಸರದೇ ಆಗಿದ್ದರೂ ವಸಾಹತು ಆಡಳಿತ ಹೊಸ ಬೇಸಾಯದ ತಿಳಿವಳಿಕೆಯನ್ನೂ ಜಮೀನಿನ ದಾಖಲೆಯನ್ನೂ ಗಂಡಸರ ಕೈಗೇ ಕೊಟ್ಟಿತೆಂದು ತೋರಿಸಿತು. 1975ರಲ್ಲಿ ಮೆಕ್ಸಿಕೊ ನಗರದಲ್ಲಿ ವಿಶ್ವಸಂಸ್ಥೆಯ ಮೊದಲ ಮಹಿಳಾ ಸಮ್ಮೇಳನ ನಡೆಯಿತು. 1992ರ ರಿಯೊ ಘೋಷಣೆಯ 20ನೆಯ ತತ್ತ್ವ ಪರಿಸರ ನಿರ್ವಹಣೆಯಲ್ಲಿ ಹೆಂಗಸರ ಪಾತ್ರ ಮುಖ್ಯವೆಂದು ಸಾರಿತು. 1995ರ ಬೀಜಿಂಗ್ ಸಮ್ಮೇಳನ ಅದನ್ನೇ ಮತ್ತಷ್ಟು ವಿವರವಾಗಿ ಹೇಳಿತು. ಈ ಘೋಷಣೆಗಳ ಜೊತೆಜೊತೆಗೇ ಒಂದು ನಂಬಿಕೆಯೂ ಹರಡಿಕೊಂಡಿತು: ಹೆಂಗಸು ಹುಟ್ಟಿನಿಂದಲೇ ಪ್ರಕೃತಿಗೆ ಹತ್ತಿರದವಳು, ಆದ್ದರಿಂದ ಅವಳನ್ನು ಮುಂದೆ ಬಿಟ್ಟರೆ ಕಾಡು ತಾನಾಗಿ ಉಳಿಯುತ್ತದೆ. ಕೇಳಲು ಹಿತವಾದ ಈ ಮಾತನ್ನು ಕಳೆದ ಐವತ್ತು ವರ್ಷಗಳ ಅನುಭವ ಸಮರ್ಥಿಸುವುದಿಲ್ಲ. ಕಾಡು ಕಡಿದಾಗ, ಬಾವಿ ಬತ್ತಿದಾಗ ದಿನದ ದುಡಿಮೆ ಯಾರಿಗೆ ಹೆಚ್ಚುತ್ತದೋ ಅವರು ಮೊದಲು ಎದ್ದು ನಿಲ್ಲುತ್ತಾರೆ. ಹಾಗೆ ನಿಂತವರ ಕೈಗೆ ನೆಲದ, ಹಣದ, ತೀರ್ಮಾನದ ಹಕ್ಕು ಬಂದ ಕಡೆಗಳಲ್ಲಿ ಮಾತ್ರ ಆ ಮುಂದಾಳ್ತನ ಬಾಳಿದೆ. ಮುಂದಿನ ಸಮೀಕ್ಷೆ ಈ ತೀರ್ಮಾನಕ್ಕೆ ಬಂದ ದಾರಿಯನ್ನು ವಿವರಿಸುತ್ತದೆ.

ಈ ವಿಷಯದ ಬಗ್ಗೆ ಭಾರತದಲ್ಲಿ ನಡೆದ ಚರ್ಚೆಗೆ ಎರಡು ಹೆಸರುಗಳು ಮುಖ್ಯ. 1988ರಲ್ಲಿ ವಂದನಾ ಶಿವ ತಮ್ಮ ‘ಸ್ಟೇಯಿಂಗ್ ಅಲೈವ್’ ಪುಸ್ತಕದಲ್ಲಿ ಪ್ರಕೃತಿಯ ಮೇಲಿನ ದಬ್ಬಾಳಿಕೆ ಮತ್ತು ಹೆಂಗಸರ ಮೇಲಿನ ದಬ್ಬಾಳಿಕೆ ಒಂದೇ ಬೇರಿನವು ಎಂದು ವಾದಿಸಿದರು. ಪ್ರಕೃತಿಯನ್ನು ಸೃಷ್ಟಿಶೀಲ ಸ್ತ್ರೀತತ್ತ್ವವಾಗಿ ಕಾಣುವ ಭಾರತೀಯ ಚಿಂತನೆಯನ್ನು ಆಧುನಿಕ ಅಭಿವೃದ್ಧಿ ಕೊಂದಿತೆಂದರು. ಅರ್ಥಶಾಸ್ತ್ರಜ್ಞೆ ಬೀನಾ ಅಗರ್‌ವಾಲ್ 1992ರ ತಮ್ಮ ಪ್ರಬಂಧದಲ್ಲಿ ಇದಕ್ಕೆ ಉತ್ತರ ಕೊಟ್ಟರು. ಎಲ್ಲ ಹೆಂಗಸರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವ ಈ ವಾದದಲ್ಲಿ ಜಾತಿ, ವರ್ಗ, ಜಮೀನು ಇವು ಮರೆಯಾಗುತ್ತವೆ ಎಂಬುದು ಅವರ ಮುಖ್ಯ ಆಕ್ಷೇಪ. ಸೌದೆ ತರುವವಳು, ನೀರು ಹೊರುವವಳು, ದನಕ್ಕೆ ಹುಲ್ಲು ಕೊಯ್ಯುವವಳು ಯಾರು, ಅವಳ ಹೆಸರಿನಲ್ಲಿ ಎಷ್ಟು ನೆಲವಿದೆ ಎಂಬ ಲೌಕಿಕ ಪ್ರಶ್ನೆಗಳಿಂದ ಅವರು ಹೊರಟರು. ಸ್ವಂತ ಹೊಲವಿದ್ದವರಿಗೆ ಬೇಲಿಯ ಗಿಡದ ಕಡ್ಡಿ, ತೊಗರಿ ಕಟ್ಟಿಗೆ, ಸಗಣಿಯ ಬೆರಣಿ ಇರುತ್ತದೆ. ಇಲ್ಲದವರಿಗೆ ಊರ ಗೋಮಾಳ ಮತ್ತು ಕಾಡೇ ಗತಿ. ಗೋಮಾಳ ಒತ್ತುವರಿಯಾದರೆ ಜಮೀನ್ದಾರರ ಮನೆಯ ಹೆಂಗಸಿಗೂ ಕೂಲಿಕಾರ್ತಿಗೂ ಆಗುವ ನಷ್ಟ ಒಂದೇ ಅಲ್ಲ. ಅಗರ್‌ವಾಲ್ ಅವರ ವಿವರಣೆಯಲ್ಲಿ ಕಾವ್ಯ ಕಡಿಮೆ, ಆದರೆ ಅದನ್ನು ಊರೂರಿಗೆ ಹೋಗಿ ಪರೀಕ್ಷಿಸಬಹುದು. ಹಿಮಾಲಯದ ಹಳ್ಳಿಗರು ಮರ ಕಡಿಯುವುದನ್ನು ತಡೆದ ಚಿಪ್ಕೊ ಚಳವಳಿಯನ್ನೇ ಅದರ ಮೊದಲ ಪರೀಕ್ಷೆಯಾಗಿ ತೆಗೆದುಕೊಳ್ಳಬಹುದು.

ಈಗಿನ ಉತ್ತರಾಖಂಡದ ಚಮೋಲಿ ಜಿಲ್ಲೆಯಲ್ಲಿ 1970ರ ಜುಲೈನಲ್ಲಿ ಅಲಕನಂದಾ ನದಿಗೆ ಭಾರಿ ನೆರೆ ಬಂತು. ಮೇಲಿನ ಕಣಿವೆಗಳ ಕಾಡು ಬೋಳಾದದ್ದೇ ಇದಕ್ಕೆ ಕಾರಣವೆಂಬ ತಿಳಿವಳಿಕೆ ಊರುಗಳಲ್ಲಿ ಹರಡಿತು. ಚಂಡೀ ಪ್ರಸಾದ್ ಭಟ್ಟರು 1964ರಲ್ಲಿ ಕಟ್ಟಿದ್ದ ದಶೋಲಿ ಗ್ರಾಮ ಸ್ವರಾಜ್ಯ ಸಂಘ ಬೇಸಾಯದ ಸಲಕರಣೆ ಮಾಡಲು ಕೆಲವು ಅಂಗೂ ಮರಗಳನ್ನು ಕೇಳಿದಾಗ ಅರಣ್ಯ ಇಲಾಖೆ ಕೊಡಲಿಲ್ಲ. ಅದೇ ಮರಗಳನ್ನು ಅಲಹಾಬಾದಿನ ಆಟದ ಸಾಮಾನಿನ ಕಂಪನಿಗೆ ಕೊಟ್ಟಿತು. 1973ರ ಏಪ್ರಿಲ್‌ನಲ್ಲಿ ಮಂಡಲ್ ಗ್ರಾಮದವರು ಮರ ಕಡಿಯಲು ಬಂದವರನ್ನು ವಾಪಸು ಕಳಿಸಿದರು. ಮರುವರ್ಷ ರೇಣಿ ಗ್ರಾಮದ ಸರದಿ. ಅಲ್ಲಿ ಸುಮಾರು 2,500 ಮರಗಳು ಹರಾಜಾಗಿದ್ದವು. 1962ರ ಯುದ್ಧದ ನಂತರ ಸೈನ್ಯ ವಶಪಡಿಸಿಕೊಂಡ ಜಮೀನಿನ ಪರಿಹಾರ ಕೊಡುತ್ತೇವೆಂದು ಗಂಡಸರನ್ನು ಚಮೋಲಿಗೆ ಕರೆಸಿದ ದಿನವೇ, 1974ರ ಮಾರ್ಚ್ 26ರಂದು, ಗುತ್ತಿಗೆದಾರನ ಆಳುಗಳು ಕಾಡಿಗೆ ಹೊರಟರು. ಮಹಿಳಾ ಮಂಗಲ ದಳದ ಮುಖ್ಯಸ್ಥೆ ಗೌರಾ ದೇವಿ ಮತ್ತು ಅವರ ಜೊತೆಗಿದ್ದ 27 ಹೆಂಗಸರು, ಹುಡುಗಿಯರು ಅಡ್ಡ ನಿಂತು ಅವರನ್ನು ಹಿಮ್ಮೆಟ್ಟಿಸಿದರು. ಮರಗಳ ವಿಷಯವನ್ನು ತನಿಖೆ ಮಾಡಲು ದೆಹಲಿಯ ಸಸ್ಯಶಾಸ್ತ್ರಜ್ಞ ವೀರೇಂದ್ರ ಕುಮಾರ್ ಅವರ ಸಮಿತಿಯನ್ನು ಸರ್ಕಾರ ನೇಮಿಸಿತು. ಅದರ ವರದಿಯ ಮೇಲೆ ಅಲಕನಂದೆಯ ಮೇಲಿನ ಜಲಾನಯನದ ಸುಮಾರು 1,200 ಚದರ ಕಿಲೋಮೀಟರಿನಲ್ಲಿ ಹತ್ತು ವರ್ಷ ಮರ ಕಡಿಯುವುದು ನಿಂತಿತು.

ಗೌರಾ ದೇವಿಯವರ ಸಮುದಾಯ ಟಿಬೆಟಿನ ಜೊತೆಗಿನ ವ್ಯಾಪಾರವನ್ನು ನೆಚ್ಚಿಕೊಂಡಿದ್ದ ಭೋಟಿಯಾ ಜನಾಂಗ. 1962ರಲ್ಲಿ ಗಡಿ ಮುಚ್ಚಿದ ಮೇಲೆ ಆ ಸಂಪಾದನೆ ಹೋಯಿತು, ಕಾಡಿನ ಮೇಲಿನ ಅವಲಂಬನೆ ಹೆಚ್ಚಿತು. ರೇಣಿಯ ಹೆಂಗಸರು ಕಾಡನ್ನು ತವರುಮನೆಯೆಂದು ಕರೆದರೆಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಹೋದ ಸಂಪಾದನೆಯ ಈ ಲೆಕ್ಕ ಮಾತ್ರ ಅಪರೂಪಕ್ಕೆ ಕೇಳಿಬರುತ್ತದೆ. ಚಿಪ್ಕೊ ಮಹಿಳಾ ಚಳವಳಿಯೇ ಅಲ್ಲ, ಬೆಟ್ಟಸೀಮೆಯ ರೈತರು ಅರಣ್ಯ ಕಾನೂನುಗಳ ವಿರುದ್ಧ ನಡೆಸಿದ ದೀರ್ಘ ಹೋರಾಟದ ಮುಂದುವರಿಕೆ ಎಂದು ಇತಿಹಾಸಕಾರ ರಾಮಚಂದ್ರ ಗುಹ 1989ರ ತಮ್ಮ ಗ್ರಂಥದಲ್ಲಿ ಹೇಳಿದ್ದಾರೆ. ಮಂಡಲ್‌ನ ಮಟ್ಟಿಗೆ ಈ ಮಾತನ್ನು ಒಪ್ಪಬೇಕು. ಆದರೆ ಇಡೀ ಚಳವಳಿಗೆ ಅದು ಒಪ್ಪುವುದಿಲ್ಲವೆಂಬುದಕ್ಕೆ 1980ರ ಡುಂಗ್ರಿ-ಪೈಂತೋಲಿ ಪ್ರಕರಣ ಸಾಕ್ಷಿ. ಊರಿನ ಓಕ್ ಕಾಡನ್ನು ತೋಟಗಾರಿಕೆ ಇಲಾಖೆಯ ಆಲೂಗಡ್ಡೆ ಬೀಜದ ಫಾರ್ಮಿಗೆ ಬಿಟ್ಟುಕೊಟ್ಟರೆ ರಸ್ತೆ, ಶಾಲೆ, ಆಸ್ಪತ್ರೆ ಬರುತ್ತವೆಂದು ಗ್ರಾಮದ ಗಂಡಸರು ಒಪ್ಪಿಗೆ ಕೊಟ್ಟಿದ್ದರು. ಹೆಂಗಸರು ಒಪ್ಪಲಿಲ್ಲ. ಆ ಕಾಡು ಹೋದರೆ ಸೌದೆ, ಮೇವಿಗೆ ಮೈಲುಗಟ್ಟಲೆ ನಡೆಯಬೇಕಾದವರು ಅವರು. ಇಲ್ಲಿ ಎದುರುಬದುರಾದವರು ಒಂದೇ ಮನೆಯ ಗಂಡ ಹೆಂಡತಿ. ಗುತ್ತಿಗೆದಾರನ ಪ್ರಶ್ನೆಯೇ ಇರಲಿಲ್ಲ. ಹೆಂಗಸರು ಗೆದ್ದರು, ಕಾಡು ಉಳಿಯಿತು. ರೈತರೆಂಬ ಒಂದೇ ಪದದಿಂದ ಈ ಜಗಳವನ್ನು ವಿವರಿಸಲು ಬರುವುದಿಲ್ಲ, ಸ್ತ್ರೀತತ್ತ್ವದಿಂದಲೂ ಬರುವುದಿಲ್ಲ. ಕೆಲಸದ ಹಂಚಿಕೆಯನ್ನು ನೋಡಿದರೆ ಮಾತ್ರ ಅರ್ಥವಾಗುತ್ತದೆ.

ರೇಣಿಯ ಮುಂದಿನ ಕತೆ ಇನ್ನೂ ಹೆಚ್ಚಿನದನ್ನು ಕಲಿಸುತ್ತದೆ, ಪಠ್ಯಪುಸ್ತಕಗಳು ಅಲ್ಲಿಯವರೆಗೆ ಹೋಗುವುದಿಲ್ಲ. ಆಗಿನ ಉತ್ತರ ಪ್ರದೇಶದ ಹಿಮಾಲಯದಲ್ಲಿ ಒಂದು ಸಾವಿರ ಮೀಟರಿಗಿಂತ ಎತ್ತರದ ಜಾಗಗಳಲ್ಲಿ ಹಸಿ ಮರ ಕಡಿಯುವುದಕ್ಕೆ 1980ರ ದಶಕದ ಆರಂಭದಲ್ಲಿ ಹದಿನೈದು ವರ್ಷಗಳ ನಿಷೇಧ ಬಂತು. 1982ರಲ್ಲಿ ನಂದಾದೇವಿ ರಾಷ್ಟ್ರೀಯ ಉದ್ಯಾನ ಘೋಷಣೆಯಾಯಿತು. ಮರಗಳು ಉಳಿದವು, ಅವನ್ನು ಉಳಿಸಿದವರ ಮೇವಿನ, ಗಿಡಮೂಲಿಕೆಯ, ಕುರಿ ಮೇಯಿಸುವ ಹಕ್ಕುಗಳು ಉಳಿಯಲಿಲ್ಲ. ರೇಣಿಯ ಪಕ್ಕದ ಲಾತಾ ಗ್ರಾಮದವರು 1998ರಲ್ಲಿ ‘ಝಪ್ಟೋ ಛೀನೋ’ ಎಂಬ ಹೆಸರಿನಲ್ಲಿ, ಅಂದರೆ ಎರಗಿ ಕಿತ್ತುಕೊಳ್ಳಿ ಎಂದು, ಉದ್ಯಾನದೊಳಕ್ಕೆ ನುಗ್ಗಿ ಹಕ್ಕು ಕೇಳಬೇಕಾಯಿತು. 1987ರಲ್ಲಿ ಚಿಪ್ಕೊಗೆ ರೈಟ್ ಲೈವ್‌ಲಿಹುಡ್ ಪ್ರಶಸ್ತಿ ಬಂತು. ಗೌರಾ ದೇವಿ 1991ರಲ್ಲಿ ತೀರಿಕೊಂಡರು. ಋಷಿಗಂಗಾ ಜಲವಿದ್ಯುತ್ ಯೋಜನೆಯಿಂದ ಆಗುತ್ತಿದ್ದ ಹಾನಿಯ ವಿರುದ್ಧ ರೇಣಿಯ ಕಡೆಯವರು 2019ರಲ್ಲಿ ಹೈಕೋರ್ಟಿಗೆ ಹೋದರು. 2021ರ ಫೆಬ್ರುವರಿ 7ರಂದು ಬಂದ ಪ್ರವಾಹ ಆ ಯೋಜನೆಯನ್ನೇ ಕೊಚ್ಚಿಕೊಂಡು ಹೋಯಿತು. ಕಣಿವೆಯಲ್ಲಿ ಸತ್ತವರು, ಕಾಣೆಯಾದವರು ಇನ್ನೂರಕ್ಕೂ ಹೆಚ್ಚು ಮಂದಿ. ಒಂದು ದಿನದ ಧೈರ್ಯದಿಂದ ಕಾಡನ್ನು ಉಳಿಸಬಹುದು. ಅದರ ಮೇಲಿನ ಯಜಮಾನಿಕೆ ಬೇರೆಯವರ ಕೈಯಲ್ಲೇ ಇದ್ದರೆ ಮುಂದಿನ ಎಲ್ಲ ತೀರ್ಮಾನಗಳನ್ನೂ ಅವರೇ ಮಾಡುತ್ತಾರೆ.

ಕೆನ್ಯಾದ ಗ್ರೀನ್ ಬೆಲ್ಟ್ ಚಳವಳಿ ಹಿಡಿದ ದಾರಿ ಬೇರೆ. 1971ರಲ್ಲಿ ನೈರೋಬಿ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದ ವಂಗಾರಿ ಮಾಥಾಯ್ ದೇಶದ ಮಹಿಳಾ ಮಂಡಳಿಯ ಸಭೆಗಳಲ್ಲಿ ಹಳ್ಳಿಯ ಹೆಂಗಸರ ದೂರುಗಳನ್ನು ಕೇಳಿಸಿಕೊಂಡರು: ಸೌದೆ ಇಲ್ಲ, ಶುದ್ಧ ನೀರಿಲ್ಲ, ಮಕ್ಕಳಿಗೆ ಸತ್ತ್ವದ ಊಟವಿಲ್ಲ, ಕೈಯಲ್ಲಿ ಕಾಸಿಲ್ಲ. ಕಾಫಿ, ಚಹಾ ತೋಟಗಳಿಗಾಗಿ ಕಾಡು ಕಡಿದದ್ದೇ ಇವುಗಳ ಮೂಲವೆಂದು ಕಂಡ ಅವರು 1977ರ ಜೂನ್ 5ರಂದು ನೈರೋಬಿಯ ಕಮುಕುಂಜಿ ಉದ್ಯಾನದಲ್ಲಿ ಏಳು ಗಿಡ ನೆಟ್ಟು ಕೆಲಸ ಆರಂಭಿಸಿದರು. ಮುಂದೆ ಹೆಂಗಸರ ಗುಂಪುಗಳು ತಮ್ಮ ಸುತ್ತಲಿನ ಮರಗಳ ಬೀಜ ಆಯ್ದು ಒಡಕು ಮಡಕೆ, ಹಳೆಯ ಡಬ್ಬಗಳಲ್ಲಿ ಸಸಿ ಎಬ್ಬಿಸತೊಡಗಿದವು. ಓದಿ ಪದವಿ ಪಡೆದವರೇ ಅರಣ್ಯ ಬೆಳೆಸಬೇಕೆಂದಿದ್ದ ಅಧಿಕಾರಿಗಳು ಇದನ್ನು ತಮಾಷೆಯೆಂದೇ ಭಾವಿಸಿದರು. ಚಳವಳಿಯ ಯಶಸ್ಸಿನ ಗುಟ್ಟು ಒಂದು ಸರಳ ಏರ್ಪಾಡಿನಲ್ಲಿತ್ತು: ಸಸಿ ನೆಟ್ಟು ಅದು ಬದುಕಿಕೊಂಡಿತೆಂದು ಖಾತ್ರಿಯಾದ ಮೇಲೆ ಪ್ರತಿ ಗಿಡಕ್ಕೆ ನಾಲ್ಕು ಅಮೆರಿಕನ್ ಸೆಂಟ್ ಮೊತ್ತವನ್ನು ಆ ಹೆಂಗಸರ ಕೈಗೇ ಕೊಡುತ್ತಿದ್ದರು. ನೆಟ್ಟದ್ದಕ್ಕಲ್ಲ, ಉಳಿಸಿದ್ದಕ್ಕೆ ಹಣ. ನಮ್ಮ ವನಮಹೋತ್ಸವಗಳು ನೆಟ್ಟ ಸಂಖ್ಯೆಯನ್ನು ಮಾತ್ರ ಎಣಿಸುವುದನ್ನು ನೋಡಿದವರಿಗೆ ಈ ವ್ಯತ್ಯಾಸದ ಬೆಲೆ ಗೊತ್ತಾಗುತ್ತದೆ. ಚಳವಳಿ ನೆಟ್ಟ ಮರಗಳು ಐದು ಕೋಟಿಗೂ ಹೆಚ್ಚು. 1989ರಲ್ಲಿ ನೈರೋಬಿಯ ಉಹುರು ಉದ್ಯಾನದಲ್ಲಿ ಆಳುವ ಪಕ್ಷ ಕಟ್ಟಲು ಹೊರಟ ಅರವತ್ತು ಅಂತಸ್ತಿನ ಕಟ್ಟಡವನ್ನು ಮಾಥಾಯ್ ವಿರೋಧಿಸಿದರು. ವಿದೇಶಿ ಹೂಡಿಕೆದಾರರು ಹಿಂದೆಗೆದರು, ಕಟ್ಟಡ ಏಳಲಿಲ್ಲ. 1999ರಲ್ಲಿ ಕರೂರಾ ಕಾಡಿನ ಜಮೀನು ಹಂಚಿಕೆಯನ್ನು ಪ್ರತಿಭಟಿಸಲು ಹೋದಾಗ ಅವರಿಗೆ ಪೆಟ್ಟು ಬಿತ್ತು. 2004ರ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಅವರು ಆ ಗೌರವ ಪಡೆದ ಮೊದಲ ಆಫ್ರಿಕನ್ ಮಹಿಳೆ. ಸಸಿಮಡಿಯಲ್ಲಿ ನಾಲ್ಕು ಕಾಸು ಸಂಪಾದಿಸಿ, ಗುಂಪಿನ ಲೆಕ್ಕ ಇಟ್ಟು, ಸಭೆಯಲ್ಲಿ ಮಾತಾಡಿ ಅಭ್ಯಾಸವಾದವರು ಕ್ರಮೇಣ ಸರ್ಕಾರವನ್ನು ಪ್ರಶ್ನಿಸುವಷ್ಟು ಬೆಳೆದರು ಎಂಬುದು ಈ ಚಳವಳಿಯಿಂದ ಕಲಿಯಬೇಕಾದ ಪಾಠ. ಗಿಡ ನೆಡುವುದು ರಾಜಕೀಯವಲ್ಲವೆಂದು ತಿಳಿದಿದ್ದವರಿಗೆ ಕರೂರಾದಲ್ಲಿ ಉತ್ತರ ಸಿಕ್ಕಿತು.

ಕರ್ನಾಟಕಕ್ಕೆ ಅಂಟಿಕೊಂಡೇ ಇರುವ ಇನ್ನೊಂದು ಪ್ರಯೋಗ ನಮ್ಮಲ್ಲಿ ಸಿಗಬೇಕಾದಷ್ಟು ಗಮನ ಪಡೆದಿಲ್ಲ. ಬೀದರ್ ಜಿಲ್ಲೆಯ ಗಡಿಯಾಚೆಗೆ, ತೆಲಂಗಾಣದ ಜಹೀರಾಬಾದ್ ಸುತ್ತಿನ ಹಳ್ಳಿಗಳಲ್ಲಿ 1983ರಿಂದ ಕೆಲಸ ಮಾಡುತ್ತಿರುವ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸ್ಥಾಪಕರಲ್ಲಿ ಪ್ರಮುಖರಾದ ಪಿ. ವಿ. ಸತೀಶ್ ಮೈಸೂರಿನವರು, ಮೊದಲು ದೂರದರ್ಶನದಲ್ಲಿ ಕಾರ್ಯಕ್ರಮ ನಿರ್ಮಾಪಕರಾಗಿದ್ದವರು. ಸಂಸ್ಥೆಯ ಬೆನ್ನೆಲುಬು ಹಳ್ಳಿಯ ಸಂಘಗಳು. ಅವುಗಳ ಸದಸ್ಯರಲ್ಲಿ ಹೆಚ್ಚಿನವರು ದಲಿತ ಹೆಂಗಸರು. ಭೂಸುಧಾರಣೆಯಲ್ಲಿ ಇಂಥ ಕುಟುಂಬಗಳಿಗೆ ಸಿಕ್ಕಿದ್ದ ಕಲ್ಲುಮರಡಿಯ ತುಂಡುಗಳು ಬೀಳುಬಿದ್ದಿದ್ದವು. ಉಳಲು ಎತ್ತಿಲ್ಲ, ಗೊಬ್ಬರಕ್ಕೆ ದುಡ್ಡಿಲ್ಲ. ರೇಷನ್ ಅಂಗಡಿಯ ಅಕ್ಕಿ ಬಂದಮೇಲೆ ಜೋಳ, ಸಜ್ಜೆ, ನವಣೆ ಬೆಳೆಯುವುದೂ ಹಿಂದೆ ಬಿದ್ದಿತ್ತು. 1990ರ ದಶಕದ ಮಧ್ಯದಲ್ಲಿ ಸಂಘಗಳು ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯದ ನೆರವಿನಿಂದ ಪರ್ಯಾಯ ಪಡಿತರ ವ್ಯವಸ್ಥೆಯೊಂದನ್ನು ಕಟ್ಟಿದವು. ಬೀಳುಭೂಮಿಯನ್ನು ಉತ್ತು, ಗೊಬ್ಬರ ಹಾಕಿ, ಬಿತ್ತಲು ಸಾಲ. ಸಾಲ ತೀರಿಸಬೇಕಾದದ್ದು ಹಣದಲ್ಲಲ್ಲ, ಜೋಳದಲ್ಲಿ. ಹಾಗೆ ಬಂದ ಜೋಳವನ್ನು ಊರಲ್ಲೇ ಬೇವಿನ ಸೊಪ್ಪು, ಬೂದಿ ಬೆರೆಸಿ ದೊಡ್ಡ ವಾಡೆಗಳಲ್ಲಿ ಕಾಪಿಟ್ಟು, ಕೂಲಿ ಸಿಗದ ತಿಂಗಳುಗಳಲ್ಲಿ ಬಡ ಮನೆಗಳಿಗೆ ಕಡಿಮೆ ಬೆಲೆಗೆ ಕೊಡುವುದು. ಯಾರು ಬಡವರು, ಯಾರು ಕಡುಬಡವರು ಎಂಬುದನ್ನು ಊರ ನಡುವೆ ಎಲ್ಲರೆದುರು ಹೆಂಗಸರೇ ನಿರ್ಧರಿಸುತ್ತಿದ್ದರು. ಆಹಾರ ಭದ್ರತೆ, ಮಣ್ಣಿನ ರಕ್ಷಣೆ, ದೇಸಿ ಬೀಜ ಇವು ಬೇರೆ ಬೇರೆ ಇಲಾಖೆಗಳ ವಿಷಯವಾಗದೆ ಒಂದೇ ಸಂಘದ ಲೆಕ್ಕಪುಸ್ತಕದೊಳಗೆ ಬಂದದ್ದು ಇಲ್ಲಿನ ವಿಶೇಷ. 2008ರ ಅಕ್ಟೋಬರ್‌ನಲ್ಲಿ ಈ ಹೆಂಗಸರು ನಡೆಸುವ ಸಂಘಂ ರೇಡಿಯೊ 90.4 ಮೆಗಾಹರ್ಟ್ಸ್‌ನಲ್ಲಿ ಮಾತಾಡತೊಡಗಿತು. ಸ್ವಯಂಸೇವಾ ಸಂಸ್ಥೆಯೊಂದು ಭಾರತದ ಹಳ್ಳಿಯೊಂದರಿಂದ ನಡೆಸಿದ ಮೊದಲ ಸಮುದಾಯ ಬಾನುಲಿ ಅದು. 2019ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಸಂಘಗಳಿಗೆ ಬಂತು. ಸತೀಶ್ 2023ರ ಮಾರ್ಚ್‌ನಲ್ಲಿ ತೀರಿಕೊಂಡರು.

ಇಂಥ ಉದಾಹರಣೆಗಳನ್ನು ಕೊಟ್ಟಾಗ ಒಂದು ಆಕ್ಷೇಪ ಬರುವುದು ಸಹಜ: ಭಟ್ಟರು, ಚಿಪ್ಕೊದ ಇನ್ನೊಬ್ಬ ಮುಂದಾಳು ಸುಂದರಲಾಲ್ ಬಹುಗುಣರು, ಸತೀಶ್ ಹಿಂದೆ ನಿಂತಿರುವಾಗ ಇದನ್ನು ಹೆಂಗಸರ ನಾಯಕತ್ವ ಎನ್ನಬಹುದೆ? ಸಂಘಟಕರ ಪಾತ್ರವನ್ನು ಅಲ್ಲಗಳೆಯುವ ಅಗತ್ಯವಿಲ್ಲ. ಓದು ಬರಹ, ಬ್ಯಾಂಕು, ಕಚೇರಿ ಎಲ್ಲವೂ ಗಂಡಸರ ಕೈಯಲ್ಲಿದ್ದ ಕಾಲದಲ್ಲಿ ಹೊರಗಿನ ಸಹಾಯವಿಲ್ಲದೆ ಬಡ ಹೆಂಗಸರು ಸಂಸ್ಥೆ ಕಟ್ಟಿದ್ದು ಅಪರೂಪ. ಆದರೆ ನಾಯಕತ್ವದ ಗುರುತನ್ನು ಸಂಸ್ಥೆಯ ಸ್ಥಾಪಕರ ಪಟ್ಟಿಯಲ್ಲಿ ಹುಡುಕುವುದಕ್ಕಿಂತ ತೀರ್ಮಾನ ಯಾರದು ಎಂಬಲ್ಲಿ ಹುಡುಕುವುದು ಸರಿ. ಡುಂಗ್ರಿ-ಪೈಂತೋಲಿಯ ತೀರ್ಮಾನ ಊರ ಗಂಡಸರ ಮಾತನ್ನೇ ಮೀರಿದ್ದು. ಯಾವ ಮನೆಗೆ ಎಷ್ಟು ಜೋಳ ಎಂದು ಜಹೀರಾಬಾದಿನ ಸಂಘ ಹೇಳುವಾಗ ಮೈಸೂರಿನ ಸಂಘಟಕನ ಅಭಿಪ್ರಾಯ ಯಾರಿಗೂ ಬೇಕಿರಲಿಲ್ಲ.

ಒಂದೊಂದು ಊರಿನ ಕತೆಯಿಂದ ಸಾಮಾನ್ಯ ನಿಯಮವನ್ನು ಎಳೆಯಬಾರದೆಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಇದಕ್ಕೆ ಉತ್ತರ ಅರಣ್ಯ ಸಮಿತಿಗಳ ಅಧ್ಯಯನದಲ್ಲಿ ಸಿಗುತ್ತದೆ. ಭಾರತ ಸರ್ಕಾರ 1990ರಲ್ಲಿ ಜಂಟಿ ಅರಣ್ಯ ನಿರ್ವಹಣೆಯ ಸುತ್ತೋಲೆ ಹೊರಡಿಸಿತು. ನೇಪಾಳ 1993ರಲ್ಲಿ ಸಮುದಾಯ ಅರಣ್ಯಕ್ಕೆ ಕಾನೂನು ಮಾಡಿತು. ಮೊದಮೊದಲು ಭಾರತದ ಹಲವು ರಾಜ್ಯಗಳಲ್ಲಿ ಮನೆಗೊಬ್ಬ ಸದಸ್ಯನೆಂಬ ನಿಯಮವಿತ್ತು, ಆ ಒಬ್ಬ ಮನೆಯ ಯಜಮಾನನೇ ಆಗಿರುತ್ತಿದ್ದ. ಇಂಥ ಸಮಿತಿಗಳು ಮಾಡಿದ ಮೊದಲ ಕೆಲಸ ಕಾಡಿಗೆ ಬಾಗಿಲು ಹಾಕಿ ಕಾವಲು ಇಡುವುದು. ಮರವನ್ನು ಹತ್ತು ವರ್ಷದ ನಂತರದ ದಿಮ್ಮಿಯಾಗಿ ಕಾಣುವವರಿಗೆ ಅದು ಸರಿಯೆನಿಸಿತು. ಇವತ್ತು ಸಂಜೆಯ ಒಲೆಗೆ ಪುಳ್ಳೆ ಬೇಕಾದವಳು ಹೆಚ್ಚು ದೂರ ನಡೆದಳು, ಇಲ್ಲವೆ ಕದ್ದು ತಂದು ದಂಡ ಕಟ್ಟಿದಳು. ಬೀನಾ ಅಗರ್‌ವಾಲ್ ಗುಜರಾತ್ ಮತ್ತು ನೇಪಾಳದ ಸಮಿತಿಗಳನ್ನು ಹೋಲಿಸಿ 2010ರಲ್ಲಿ ಪ್ರಕಟಿಸಿದ ಗ್ರಂಥದ ಪ್ರಕಾರ, ಕಾರ್ಯಕಾರಿ ಸಮಿತಿಯಲ್ಲಿ ಹೆಂಗಸರ ಪ್ರಮಾಣ ಶೇಕಡ 25ರಿಂದ 33ರಷ್ಟಾದಾಗ ಅವರು ಸಭೆಗೆ ಬರುವುದು, ಬಾಯಿ ಬಿಟ್ಟು ಮಾತಾಡುವುದು, ಪದಾಧಿಕಾರಿಗಳಾಗುವುದು ಎದ್ದು ಕಾಣುವಷ್ಟು ಹೆಚ್ಚುತ್ತದೆ. ಒಬ್ಬಿಬ್ಬರನ್ನು ಹೆಸರಿಗೆ ಕೂರಿಸಿದರೆ ಆಗುವುದು ಏನೂ ಇಲ್ಲ. ನೇಪಾಳದಲ್ಲಿ ಹೆಂಗಸರೇ ತುಂಬಿದ ಸಮಿತಿಗಳ ಕಾಡು ಇತರ ಸಮಿತಿಗಳ ಕಾಡಿಗಿಂತ ಚೆನ್ನಾಗಿ ಚಿಗುರಿತು. ಅವರಿಗೆ ಮೊದಲೇ ಒಳ್ಳೆಯ ಕಾಡು ಸಿಕ್ಕಿದ್ದಿರಬಹುದು ಎಂಬ ಅನುಮಾನಕ್ಕೂ ಆ ಅಧ್ಯಯನ ಉತ್ತರಿಸುತ್ತದೆ: ಅವರಿಗೆ ಕೊಟ್ಟದ್ದು ಚಿಕ್ಕ, ಹೆಚ್ಚು ಹಾಳಾದ ಕಾಡನ್ನೇ. ಕಾಡಿನಲ್ಲಿ ದಿನವೂ ಓಡಾಡುವವರಿಗೆ ನಿಯಮ ಮುರಿಯುವವರು ಯಾರೆಂದು ಗೊತ್ತಿರುತ್ತದೆ. ನಿಯಮ ಮಾಡಿದವರಲ್ಲಿ ತಾವೂ ಇದ್ದಾಗ ಅದನ್ನು ಪಾಲಿಸುವ ಮನಸ್ಸೂ ಇರುತ್ತದೆ. ಇಷ್ಟೇ ಇದರ ವಿವರಣೆ.

ಮೀಸಲಾತಿಯಿಂದ ಬಂದವರು ಹೆಸರಿಗೆ ಮಾತ್ರ ಅಧ್ಯಕ್ಷರು, ದರ್ಬಾರು ಗಂಡನದು ಎಂಬ ಮಾತು ಪಂಚಾಯಿತಿಗಳ ಬಗ್ಗೆ ನಮ್ಮಲ್ಲಿ ಬಹಳ ಕಾಲದಿಂದ ಇದೆ. ಕರ್ನಾಟಕದ 1983ರ ಕಾಯಿದೆ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಲ್ಲಿ ಹೆಂಗಸರಿಗೆ ಶೇಕಡ 25ರಷ್ಟು ಸ್ಥಾನ ಮೀಸಲಿಟ್ಟು, ಅಬ್ದುಲ್ ನಜೀರ್ ಸಾಬ್ ಅವರು ಸಚಿವರಾಗಿದ್ದಾಗ 1987ರಲ್ಲಿ ಚುನಾವಣೆ ನಡೆದಾಗಲೇ ಈ ಮಾತು ಶುರುವಾಗಿತ್ತು. ಇಡೀ ದೇಶಕ್ಕೆ ಮೂರನೇ ಒಂದು ಪಾಲನ್ನು ಕಡ್ಡಾಯಗೊಳಿಸಿದ 73ನೆಯ ತಿದ್ದುಪಡಿ 1993ರಲ್ಲಿ ಜಾರಿಗೆ ಬಂತು. ಆಕ್ಷೇಪದಲ್ಲಿ ಸತ್ಯಾಂಶವಿದೆ, ಅನೇಕ ಕಡೆ ಅಧ್ಯಕ್ಷೆಯ ಕುರ್ಚಿಯಲ್ಲಿ ಗಂಡನೇ ಕೂತಿರುವುದನ್ನು ಯಾರೂ ಅಲ್ಲಗಳೆಯಲಾರರು. ಆದರೂ ಫಲಿತಾಂಶ ಬೇರೆಯೇ ಹೇಳುತ್ತದೆ. ರಾಘಬೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ ಪಶ್ಚಿಮ ಬಂಗಾಳ ಮತ್ತು ರಾಜಸ್ಥಾನದ 265 ಪಂಚಾಯಿತಿಗಳನ್ನು ಅಧ್ಯಯನ ಮಾಡಿ 2004ರಲ್ಲಿ ಪ್ರಕಟಿಸಿದ ಲೇಖನ, ಮಹಿಳಾ ಮೀಸಲು ಸ್ಥಾನಗಳಲ್ಲಿ ಕುಡಿಯುವ ನೀರಿನ ಮೇಲೆ ಹೆಚ್ಚು ಹಣ ಖರ್ಚಾದದ್ದನ್ನು ತೋರಿಸಿತು. ರಸ್ತೆಯ ವಿಷಯದಲ್ಲಿ ಎರಡು ರಾಜ್ಯಗಳ ಫಲಿತಾಂಶ ಒಂದಕ್ಕೊಂದು ವಿರುದ್ಧ: ಹೆಂಗಸರು ರಸ್ತೆ ಕೇಳುತ್ತಿದ್ದ ಬಂಗಾಳದಲ್ಲಿ ಹೆಚ್ಚು, ಅಷ್ಟಾಗಿ ಕೇಳದ ರಾಜಸ್ಥಾನದಲ್ಲಿ ಕಡಿಮೆ. ಇದರಲ್ಲೇ ಈ ಲೇಖನದ ವಾದಕ್ಕೆ ಒಳ್ಳೆಯ ಪುರಾವೆಯಿದೆ. ಸ್ತ್ರೀಸ್ವಭಾವವೆಂಬುದು ಒಂದೇ ಆಗಿದ್ದರೆ ಎರಡೂ ಕಡೆ ಒಂದೇ ಆಯ್ಕೆ ಕಾಣಬೇಕಿತ್ತು. ಆಯಾ ಊರಿನ ಹೆಂಗಸರ ಕೆಲಸ ಏನೋ ಅದಕ್ಕೆ ತಕ್ಕಂತೆ ಆಯ್ಕೆಯೂ ಬದಲಾಗಿದೆ. ಎಲ್ಲ ಕಡೆಯೂ ಗಂಡನೇ ಆಳುತ್ತಿದ್ದರೆ ಹಣದ ಹರಿವು ಬದಲಾಗುವ ಕಾರಣವೇ ಇರಲಿಲ್ಲ.

ಹೆಂಗಸರನ್ನು ಪರಿಸರದ ಕೆಲಸಕ್ಕೆ ಕರೆಯುವುದೆಂದರೆ ಸರ್ಕಾರದ ಹೊರೆಯನ್ನು ಸಂಬಳವಿಲ್ಲದೆ ಅವರ ತಲೆಗೆ ಕಟ್ಟುವುದು ಎಂಬ ಟೀಕೆಯನ್ನು ಇಷ್ಟು ಸುಲಭವಾಗಿ ತಳ್ಳಿಹಾಕಲು ಬರುವುದಿಲ್ಲ. ಮನೆ, ಹೊಲ, ಕೂಲಿ ಮೂರನ್ನೂ ಹೊತ್ತವರ ಮೇಲೆ ನಾಲ್ಕನೆಯದಾಗಿ ಊರ ಸ್ವಚ್ಛತೆ, ಗಿಡ ನೆಡುವುದು, ಜಾಗೃತಿ ಜಾಥಾ ಬಂದು ಕೂರುತ್ತವೆ. ಇದಕ್ಕೆ ಉತ್ತರವನ್ನು ಕಸದ ಕೆಲಸದಲ್ಲಿ ಕಾಣಬಹುದು. ಪುಣೆಯಲ್ಲಿ ಚಿಂದಿ ಆಯುವವರು, ಹೆಚ್ಚಾಗಿ ದಲಿತ ಹೆಂಗಸರು, 1993ರಲ್ಲಿ ಕಾರ್ಮಿಕ ಸಂಘ ಕಟ್ಟಿಕೊಂಡರು. ಅದರಿಂದ ಹುಟ್ಟಿದ ‘ಸ್ವಚ್ಛ್’ ಸಹಕಾರ ಸಂಘ 2008ರಿಂದ ನಗರಪಾಲಿಕೆಯ ಒಪ್ಪಂದದಂತೆ ಮನೆಮನೆಯ ಕಸ ಎತ್ತುತ್ತದೆ. ಮನೆಯವರು ಶುಲ್ಕ ಕೊಡುತ್ತಾರೆ, ಮಾರಬಹುದಾದ ಕಸದ ಹಣವೂ ಕೆಲಸಗಾರರಿಗೇ. ಕೇರಳದ ಕುಟುಂಬಶ್ರೀ ಮಹಿಳಾ ಸಂಘಗಳ ಹೆಂಗಸರು ಹರಿತ ಕರ್ಮ ಸೇನೆಯಲ್ಲಿ ಇದನ್ನೇ ರಾಜ್ಯಾದ್ಯಂತ ಮಾಡುತ್ತಾರೆ. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಸ್ವಸಹಾಯ ಸಂಘದ ಹೆಂಗಸರು ಸ್ವಚ್ಛವಾಹಿನಿ ಗಾಡಿಗಳನ್ನು ಓಡಿಸಿ ಒಣ ಕಸ ವಿಂಗಡಿಸುತ್ತಾರೆ. ಕೂಲಿ, ವಿಮೆ, ಕೈಗವಸು, ಸಮಯಕ್ಕೆ ಸರಿಯಾಗಿ ಹಣ ಇವಿಷ್ಟು ಇದ್ದಾಗ ಇದು ಉದ್ಯೋಗ. ಇಲ್ಲದಾಗ ಹಳೆಯ ಜೀತಕ್ಕೆ ಹೊಸ ಬಣ್ಣದ ಸಮವಸ್ತ್ರ. ಟೀಕೆಗೆ ಎದುರಾಗಿ ನಿಲ್ಲಬಲ್ಲದ್ದು ಸೇವೆಯ ಹೊಗಳಿಕೆಯಲ್ಲ, ವೇತನದ ಚೀಟಿ.

ಕರ್ನಾಟಕದ ಎರಡು ಪ್ರಸಿದ್ಧ ಹೆಸರುಗಳನ್ನು ಇದೇ ದೃಷ್ಟಿಯಿಂದ ನೋಡಬೇಕು. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಲ್ಲಿ ಕೂಲಿ ಮಾಡಿ ಬದುಕಿದ ಸಾಲುಮರದ ತಿಮ್ಮಕ್ಕ, ಗಂಡ ಚಿಕ್ಕಯ್ಯನವರ ಜೊತೆ ಕುದೂರಿನ ದಾರಿಯಲ್ಲಿ 385 ಆಲದ ಗಿಡ ನೆಟ್ಟು, ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದರು. 2019ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ರಸ್ತೆ ಅಗಲಿಸುವ ಯೋಜನೆಗೆ ಆ ಮರಗಳು ಬಲಿಯಾಗುವ ಸ್ಥಿತಿ ಬಂದು, ಅವರು ಸರ್ಕಾರದ ಮುಂದೆ ಹೋಗಿ ಮರ ಉಳಿಸಿಕೊಡಿ ಎಂದು ಕೇಳಬೇಕಾಯಿತು. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ಹಾಲಕ್ಕಿ ಒಕ್ಕಲಿಗ ಸಮುದಾಯದ ತುಳಸಿ ಗೌಡರು ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಲ್ಲಿ ದಶಕಗಳ ಕಾಲ ದಿನಗೂಲಿಯಾಗಿ ದುಡಿದ ಮೇಲೆ ಕಾಯಂ ಆದರು. ಯಾವ ಜಾತಿಯ ತಾಯಿಮರದ ಬೀಜವನ್ನು ಯಾವಾಗ ಆಯಬೇಕು, ಹೇಗೆ ಮೊಳೆಯಿಸಬೇಕು ಎಂಬ ಅವರ ಅರಿವು ಓದಿದ ಅಧಿಕಾರಿಗಳಿಗೂ ದಾರಿ ತೋರಿತು. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಇಬ್ಬರ ಸಾಧನೆಯೂ ದೊಡ್ಡದು, ಪ್ರಶಸ್ತಿಗಳು ಸಲ್ಲಬೇಕಾದವರಿಗೇ ಸಂದವು. ಆದರೆ ಸಾಲುಮರ ರಸ್ತೆ ಇಲಾಖೆಯದು, ಸಸ್ಯಕ್ಷೇತ್ರ ಅರಣ್ಯ ಇಲಾಖೆಯದು. ಅವರನ್ನು ವೇದಿಕೆಗೆ ಕರೆದ ಸಂಸ್ಥೆಗಳು ತೀರ್ಮಾನದ ಮೇಜಿಗೆ ಕರೆಯಲಿಲ್ಲ. ಅಪ್ಪಿಕೋ ಚಳವಳಿಗೂ ಈ ಮಾತು ಸ್ವಲ್ಪಮಟ್ಟಿಗೆ ಅನ್ವಯಿಸುತ್ತದೆ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಮರಗಳನ್ನು ಅಪ್ಪಿ ನಿಂತಾಗ ಹೆಂಗಸರೂ ಜೊತೆಗಿದ್ದರು. ಆದರೆ ಆ ಸೀಮೆಯ ಸೊಪ್ಪಿನ ಬೆಟ್ಟದ ಹಕ್ಕು ಅಡಿಕೆ ತೋಟದ ಹಿಡುವಳಿಗೆ ಅಂಟಿಕೊಂಡಿದ್ದು, ಸೊಪ್ಪು ಹೊರುವವಳ ಹೆಸರು ಅದರಲ್ಲಿ ಇರುತ್ತಿದ್ದುದು ಅಪರೂಪ.

ಇದಕ್ಕೆ ಹೋಲಿಸಿದರೆ ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಸ್ವಸಹಾಯ ಸಂಘ ಚಿಕ್ಕದಾದರೂ ಹೆಚ್ಚು ಭರವಸೆಯ ಮಾದರಿ. 2018ರಲ್ಲಿ ಹುಟ್ಟಿದ ಈ ಸಂಘ ಸಹಜ ಸಮೃದ್ಧ ಸಂಸ್ಥೆಯ ನೆರವಿನಿಂದ ಮಳೆಯಾಶ್ರಿತ ಹೊಲಗಳಿಗೆ ಸಿರಿಧಾನ್ಯಗಳನ್ನು ಮರಳಿ ತಂದಿತು, ಸಮುದಾಯ ಬೀಜ ಬ್ಯಾಂಕ್ ಕಟ್ಟಿತು, ಹಳ್ಳಿಯಲ್ಲೇ ಸಿರಿಧಾನ್ಯ ಸಂಸ್ಕರಣಾ ಘಟಕ ನಡೆಸುತ್ತದೆ. ಸಾಮೆ, ನವಣೆಗಳ ಸಿಪ್ಪೆ ಬಿಡಿಸುವ ಕಷ್ಟವೇ ಅವು ಅಡುಗೆಮನೆಯಿಂದ ಹೊರಬೀಳಲು ಮುಖ್ಯ ಕಾರಣವಾಗಿತ್ತೆಂಬುದನ್ನು ಒರಳು ಒನಕೆ ಬಲ್ಲವರಿಗೆ ಹೇಳಬೇಕಾಗಿಲ್ಲ. ಯಂತ್ರ ಹೆಂಗಸರ ಕೈಯಲ್ಲೇ ಇರುವುದರಿಂದ ಧಾನ್ಯವೂ ಲಾಭವೂ ಊರಲ್ಲೇ ಉಳಿಯುತ್ತವೆ. 2025ರ ಈಕ್ವೇಟರ್ ಪ್ರಶಸ್ತಿ ಈ ಸಂಘಕ್ಕೆ ಬಂತು.

ಹೆಂಗಸರ ಸಂಘಗಳು ಬೀಜ, ಕಸ, ಸಸಿಗಳ ಮಟ್ಟಿಗೆ ಇದ್ದಾಗ ಎಲ್ಲರೂ ಮೆಚ್ಚುತ್ತಾರೆ. ಅಣೆಕಟ್ಟು, ಗಣಿ, ಕಾರ್ಖಾನೆಯ ದಾರಿಗೆ ಅಡ್ಡ ಬಂದಾಗ ಮೆಚ್ಚುಗೆ ನಿಲ್ಲುತ್ತದೆ. ಹೊಂಡುರಾಸಿನ ಲೆಂಕಾ ಬುಡಕಟ್ಟಿನ ಬೆರ್ತಾ ಕಾಸೆರೆಸ್ ಗ್ವಾಲ್ಕಾರ್ಕೆ ನದಿಯ ಅಗ್ವಾ ಸಾರ್ಕಾ ಅಣೆಕಟ್ಟನ್ನು ವಿರೋಧಿಸಿ 2015ರಲ್ಲಿ ಗೋಲ್ಡ್‌ಮನ್ ಪ್ರಶಸ್ತಿ ಪಡೆದರು. 2016ರ ಮಾರ್ಚ್‌ನಲ್ಲಿ ಅವರನ್ನು ಮನೆಯಲ್ಲೇ ಗುಂಡಿಟ್ಟು ಕೊಂದರು. ಪ್ರಶಸ್ತಿ ಅವರನ್ನು ಕಾಪಾಡಲಿಲ್ಲ.

ಹಕ್ಕಿನ ಪ್ರಶ್ನೆ ಕೊನೆಗೆ ಬಂದು ನಿಲ್ಲುವುದು ನೆಲದ ಮೇಲೆ. ಪಹಣಿಯಲ್ಲಿ ಹೆಸರಿಲ್ಲದವಳಿಗೆ ಬೆಳೆಸಾಲ ಸಿಗುವುದು ಕಷ್ಟ, ಬರ ಪರಿಹಾರ ಅವಳ ಖಾತೆಗೆ ಬರುವುದಿಲ್ಲ, ಹೊಲದ ಬದುವಿಗೆ ಯಾವ ಮರ ಹಾಕಬೇಕೆಂಬ ಮಾತು ಅವಳದಾಗುವುದಿಲ್ಲ. ಕಾನೂನು ಈ ದಿಕ್ಕಿನಲ್ಲಿ ಕೆಲವು ಹೆಜ್ಜೆ ಇಟ್ಟಿದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ಮಾಡಿತು. ಕೇಂದ್ರ ಸರ್ಕಾರ ಅದಕ್ಕೆ ಬಂದದ್ದು 2005ರಲ್ಲಿ. 2006ರ ಅರಣ್ಯ ಹಕ್ಕು ಕಾಯಿದೆ ಮತ್ತು ಅದರ ನಿಯಮಗಳ ಪ್ರಕಾರ ವಿವಾಹಿತರಿಗೆ ಕೊಡುವ ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಇರಬೇಕು, ಅರಣ್ಯ ಹಕ್ಕು ಸಮಿತಿಯಲ್ಲಿ ಮೂರನೇ ಒಂದು ಪಾಲಾದರೂ ಹೆಂಗಸರಿರಬೇಕು. ಕಾಯಿದೆ ಇದ್ದೂ ತವರಿನ ಪಾಲು ಬೇಡವೆಂದು ಅಕ್ಕತಂಗಿಯರು ಸಹಿ ಹಾಕಿಕೊಡುವ ರೂಢಿ ನಿಂತಿಲ್ಲ. 2015-16ರ ಕೃಷಿ ಗಣತಿಯಲ್ಲಿ ಭಾರತದ ಒಟ್ಟು ಸಾಗುವಳಿ ಹಿಡುವಳಿಗಳ ಪೈಕಿ ಹೆಂಗಸರು ನಿರ್ವಹಿಸುವುದಾಗಿ ದಾಖಲಾದದ್ದು ಸುಮಾರು ಶೇಕಡ 14. ವಿಸ್ತೀರ್ಣದ ಲೆಕ್ಕದಲ್ಲಿ ಅದು ಶೇಕಡ 12ನ್ನೂ ಮುಟ್ಟುವುದಿಲ್ಲ.